ಸರಪಳಿ ಕೂಲಿ

ಘಟ್ಟ ಹತ್ತುವ ಲಾರಿಯ ಹಿಂದೆ ಕ್ಲೀನರ್ ಹುಡುಗ ಕೈಯಲ್ಲೊಂದು ಮರದ ತುಂಡು ಹಿಡಿದು ನಡೆದೇ ಬರುತ್ತಿದ್ದ ಕಾಲವೊಂದಿತ್ತು ಎಂದು ನಮ್ಮ ಕರಾವಳಿಯ ಹಿರಿಯ ಚಾಲಕರು ಹೇಳುವುದುಂಟು. ತುಂಬಿದ ಲಾರಿ ಏರಿನಲ್ಲಿ ಸೋತು ನಿಂತರೆ, ಅದು ಹಿಂದಕ್ಕೆ ಜಾರುವ ಮುನ್ನ ಆ ತುಂಡನ್ನು ಚಕ್ರದಡಿಗೆ ತಳ್ಳುವುದು ಅವನ ಕೆಲಸ. ತಳ್ಳುವಾಗ ಕೈ ತಪ್ಪಿದರೆ ಹೋಗುವುದು ಅವನ ಬೆರಳು. ತಳ್ಳುವುದೇ ತಪ್ಪಿದರೆ ಹೋಗುವುದು ಲಾರಿ, ಸರಕು, ಹಿಂದೆ ಬರುವ ಬಸ್ಸಿನ ಜನ. ಅಷ್ಟು ದೊಡ್ಡ ಹೊಣೆಯನ್ನು ಹೊತ್ತವನಿಗೆ ಆ ಲಾರಿಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ. ಈಗ ಎಂಜಿನ್‌ಗಳು ಬಲಿಷ್ಠವಾಗಿವೆ, ರಸ್ತೆಗಳು ಅಗಲವಾಗಿವೆ, ಮರದ ತುಂಡು ಹಿಡಿದು ನಡೆಯುವವರು ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ಕಾಣಸಿಗುವುದಿಲ್ಲ. ಆದರೆ ಅಂಥದೇ ಒಂದು ಕೆಲಸ, ಇನ್ನೂ ಕಠಿಣವಾದ ರೂಪದಲ್ಲಿ, ನಮ್ಮ ದೇಶದ ಇನ್ನೊಂದು ತುದಿಯಲ್ಲಿ ಇಂದಿಗೂ ನಡೆಯುತ್ತಿದೆ. ಹಿಮ ಬಿದ್ದ ರಸ್ತೆಯಲ್ಲಿ ಲಾರಿಯ ಚಕ್ರಗಳಿಗೆ ಕಬ್ಬಿಣದ ಸರಪಳಿ ತೊಡಿಸುವ ಕೆಲಸ ಅದು.

ಇದನ್ನು ನಾವು ಕಂಡದ್ದು ಜೋಜಿಲಾದಲ್ಲಿ. ಲಡಾಖಿನ ಭಾಷೆಯಲ್ಲಿ 'ಲಾ' ಎಂದರೆ ಬೆಟ್ಟಗಳ ನಡುವೆ ದಾಟಿಹೋಗುವ ಎತ್ತರದ ದಾರಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಸೋನಾಮಾರ್ಗ್ ದಾಟಿದ ಮೇಲೆ 3,528 ಮೀಟರ್ ಎತ್ತರದ ಈ ಜೋಜಿಲಾವನ್ನು ಏರಿ, ಆಚೆ ದ್ರಾಸ್, ಕಾರ್ಗಿಲ್‌ಗಳ ಕಡೆಗೆ ಇಳಿಯುತ್ತದೆ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಾವು ಚಾರಣ ಮಾಡಿ ಫೋಟೊ ತೆಗೆಸಿಕೊಂಡು ಬರುವ ಎತ್ತರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೇಲೆ, ಅಲ್ಲಿಯ ಲಾರಿಗಳು ಅಕ್ಕಿ, ಗೋಧಿ ಹಿಟ್ಟು, ಅಡುಗೆ ಅನಿಲ ಹೊತ್ತು ಸಾಗುತ್ತವೆ. ದಾರಿಯ ಒಂದು ಬದಿ ಕಡಿದಾದ ಬಂಡೆ, ಇನ್ನೊಂದು ಬದಿ ಪ್ರಪಾತ. ತಡೆಗೋಡೆ ಎಲ್ಲೆಡೆ ಇಲ್ಲ.

ಹಿಂದೆ ಚಳಿಗಾಲದಲ್ಲಿ ಈ ದಾರಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಲಡಾಖಿನ ಜನ ಮತ್ತು ಅಲ್ಲಿನ ಸೇನೆ ತಿನ್ನುವುದು, ಉರಿಸುವುದು ಎಲ್ಲವನ್ನೂ ಹಿಮ ಬೀಳುವ ಮೊದಲೇ ದಾಸ್ತಾನು ಮಾಡಿಕೊಳ್ಳಬೇಕಿತ್ತು. ಗಡಿ ರಸ್ತೆಗಳ ಸಂಸ್ಥೆ ಹಿಮ ತೆರವು ಮಾಡುವ ವೇಗ ಹೆಚ್ಚಿಸಿದಂತೆ ಈ ಅವಧಿ ಕುಗ್ಗುತ್ತಾ ಬಂದಿದೆ. 2023ರಲ್ಲಿ 68 ದಿನಗಳ ನಂತರ, 2024ರಲ್ಲಿ 35 ದಿನಗಳ ನಂತರ, 2025ರಲ್ಲಿ 32 ದಿನಗಳ ನಂತರ ದಾರಿ ತೆರೆಯಿತು. ಇದು ಸಂತೋಷದ ಸುದ್ದಿ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ದಾರಿ ಮುಚ್ಚುವ ದಿನಗಳು ಕಡಿಮೆಯಾದಷ್ಟೂ ಹಿಮದ ಮೇಲೆ ಲಾರಿ ಓಡಿಸುವ ದಿನಗಳು ಹೆಚ್ಚುತ್ತವೆ. ಸರಪಳಿ ಕಟ್ಟುವ ದಿನಗಳೂ ಹೆಚ್ಚುತ್ತವೆ.

ಈ ದಾರಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. 1948ರ ನವೆಂಬರ್ 1ರಂದು ಇಲ್ಲಿ ಸ್ಟುವರ್ಟ್ ಟ್ಯಾಂಕುಗಳು ಹಿಮದ ನಡುವೆ ಹತ್ತಿ ಬಂದದ್ದು ಯುದ್ಧ ಇತಿಹಾಸದಲ್ಲಿ ದಾಖಲಾದ ಘಟನೆ. ಆ ಕಾರ್ಯಾಚರಣೆಯ ಮುಂದಾಳು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಟ್ಯಾಂಕುಗಳು ಏರಿದ ದಾರಿ ಅದಕ್ಕೆ ಮೊದಲು ಹೇಸರಗತ್ತೆಗಳ ಕಾಲುಹಾದಿಯಾಗಿತ್ತು. ಅದನ್ನು ಅಗಲ ಮಾಡಿ ಟ್ಯಾಂಕು ಹೋಗುವಂತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ದಳದವರು. ಅವರ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಇದೆ. ತಿಮ್ಮಯ್ಯನವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ, ರಸ್ತೆಗಳಲ್ಲಿ ಉಳಿದಿದೆ; ಉಳಿಯಬೇಕಾದದ್ದೇ. ಆ ಕಾಲುಹಾದಿಯನ್ನು ಗುದ್ದಲಿ, ಹಾರೆ ಹಿಡಿದು ಅಗಲ ಮಾಡಿದ ಕೈಗಳ ಹೆಸರು ಯಾವ ಮೈಲಿಗಲ್ಲಿನ ಮೇಲೂ ನಮಗೆ ಕಾಣಲಿಲ್ಲ. ದಾರಿಗಳ ಚರಿತ್ರೆ ಎಲ್ಲ ಕಡೆಯೂ ಹೀಗೆಯೇ.

ನಾವು ಇಬ್ಬರು ಅಲ್ಲಿಗೆ ಹೋದದ್ದು 2022ರ ನವೆಂಬರಿನಲ್ಲಿ. ನಮ್ಮಲ್ಲೊಬ್ಬರು ದಕ್ಷಿಣ ಕನ್ನಡದ ಹಣ್ಣಿನ ಸಗಟು ವ್ಯಾಪಾರಿ. ಇನ್ನೊಬ್ಬರು ಅವರ ಬಾವ, ಲೆಕ್ಕ ಬರೆಯಲೂ ಮಾತಿಗೆ ಜೊತೆಯಾಗಲೂ ಹೋದವರು. ಸೋಪೋರಿನ ಮಂಡಿಯಲ್ಲಿ ಸೇಬಿನ ವ್ಯವಹಾರ ಮುಗಿಸಿ, ಒಣಗಿಸಿದ ಏಪ್ರಿಕಾಟ್ ಹಣ್ಣನ್ನು ಅದು ಬೆಳೆಯುವ ಊರಿನಲ್ಲೇ ನೋಡಿ ಕೊಳ್ಳೋಣವೆಂದು ಕಾರ್ಗಿಲ್‌ಗೆ ಹೊರಟೆವು. ಹಿಂದಿನ ರಾತ್ರಿ ಹಿಮ ಬಿದ್ದುದರಿಂದ ಸೋನಾಮಾರ್ಗ್‌ನಲ್ಲಿ ಸಣ್ಣ ಕಾರುಗಳನ್ನು ತಡೆದಿದ್ದರು. ಹಿಟ್ಟು, ಈರುಳ್ಳಿ, ಬೆಲ್ಲ ತುಂಬಿಕೊಂಡು ಕಾರ್ಗಿಲ್‌ಗೆ ಹೊರಟಿದ್ದ ಲಾರಿಯೊಂದರ ಚಾಲಕರು ನಮ್ಮನ್ನು ಕರೆದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಗಂದರ್‌ಬಲ್ ಕಡೆಯವರು, ಐವತ್ತು ದಾಟಿದ್ದರು. ಅವರ ಜೊತೆಗಿದ್ದ ಸಹಾಯಕನಿಗೆ ಹೆಚ್ಚೆಂದರೆ ಹತ್ತೊಂಬತ್ತು. ನಮ್ಮಲ್ಲಿ ಕ್ಲೀನರ್ ಎನ್ನುವವನನ್ನು ಆ ಲಾರಿಯಲ್ಲಿ 'ಕಂಡಕ್ಟರ್' ಎನ್ನುತ್ತಿದ್ದರು. ಅವನು ಚಾಲಕರನ್ನು ಕರೆಯುತ್ತಿದ್ದದ್ದು 'ಉಸ್ತಾದ್' ಎಂದು. ನಮ್ಮ ಊರುಗಳಲ್ಲಿ ಉಸ್ತಾದರೆಂದರೆ ಮದ್ರಸದಲ್ಲಿ ಅಲಿಫ್, ಬಾ ಕಲಿಸುವವರು. ಲಾರಿಯ ಒಳಗೂ ಒಂದು ಮದ್ರಸ ಇರುತ್ತದೆ, ಅಲ್ಲಿಯೂ ಗುರುಶಿಷ್ಯರಿರುತ್ತಾರೆ ಎಂಬುದು ಆ ಒಂದು ಸಂಬೋಧನೆಯಿಂದ ನಮಗೆ ಹೊಳೆಯಿತು.

ಜೋಜಿಲಾದ ಬುಡದಲ್ಲಿ ಪೊಲೀಸರ ಗೇಟು. ಹಿಮದ ದಿನಗಳಲ್ಲಿ ಇಲ್ಲಿ ಒಂದು ದಿನ ಈ ಕಡೆಯಿಂದ, ಮರುದಿನ ಆಚೆಯ ಮಿನಾಮಾರ್ಗ್ ಕಡೆಯಿಂದ ಎಂಬಂತೆ ವಾಹನ ಬಿಡುತ್ತಾರೆ, ಏಕೆಂದರೆ ಎರಡು ಲಾರಿಗಳು ಎದುರುಬದುರಾದರೆ ಹಿಂದೆ ಸರಿಯಲು ಜಾಗವಿಲ್ಲ. ಗೇಟಿನ ನಿಯಮ ಸರಳ: ಚಕ್ರಕ್ಕೆ ಸರಪಳಿ ಇದ್ದರೆ ಮುಂದೆ, ಇಲ್ಲದಿದ್ದರೆ ಬದಿಗೆ. ಸಾಲಿನಲ್ಲಿದ್ದ ಲಾರಿಗಳಿಂದ ಒಬ್ಬೊಬ್ಬರೇ ಹುಡುಗರು ಇಳಿದು, ಸೀಟಿನ ಹಿಂದಿನಿಂದ, ಡಬ್ಬಿಯೊಳಗಿನಿಂದ ಗೋಣಿಚೀಲಗಳನ್ನು ಎಳೆದು ಕೆಳಕ್ಕೆ ಹಾಕಿದರು. ಚೀಲ ನೆಲಕ್ಕೆ ಬಿದ್ದಾಗ ಬಂದ ಸದ್ದಿನಿಂದಲೇ ಒಳಗಿರುವುದು ಕಬ್ಬಿಣ ಎಂದು ತಿಳಿಯಿತು.

ಈ ಸರಪಳಿಯನ್ನು ನೆಲದ ಮೇಲೆ ಹರಡಿದರೆ ಅದು ನೂಲೇಣಿಯಂತೆ ಕಾಣುತ್ತದೆ. ಎರಡು ಉದ್ದದ ಸರಪಳಿಗಳು, ಅವುಗಳ ನಡುವೆ ಮೆಟ್ಟಿಲುಗಳಂತೆ ಅಡ್ಡ ಸರಪಳಿಗಳು. ಉದ್ದದವು ಟೈರಿನ ಎರಡು ಪಕ್ಕದಲ್ಲಿ ಸುತ್ತಿಕೊಳ್ಳುತ್ತವೆ, ಅಡ್ಡದವು ನೆಲ ತಾಗುವ ಭಾಗದ ಮೇಲೆ ಬರುತ್ತವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬವರು 1904ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕೆಸರಿನಲ್ಲಿ, ಹಿಮದಲ್ಲಿ ಸಿಕ್ಕಿಕೊಳ್ಳುತ್ತಿದ್ದ ಅಂದಿನ ಮೋಟಾರುಗಾರರು ಟೈರಿಗೆ ಹಗ್ಗ ಸುತ್ತಿಕೊಂಡು ಪಾರಾಗುತ್ತಿದ್ದುದನ್ನು ನೋಡಿ ಅವರಿಗೆ ಈ ಯೋಚನೆ ಬಂತಂತೆ. ನೂರಿಪ್ಪತ್ತು ವರ್ಷ ಕಳೆದರೂ ಅದರ ಮೂಲ ರೂಪ ಬದಲಾಗಿಲ್ಲ.

ಇದು ಏಕೆ ಬೇಕು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಒಣ ಡಾಂಬರಿನ ಮೇಲೆ ಟೈರಿಗೆ ಸಿಗುವ ಹಿಡಿತದ ಮೂರನೆಯ ಒಂದು ಭಾಗವಷ್ಟೇ ಗಟ್ಟಿಯಾಗಿ ತುಳಿದ ಹಿಮದ ಮೇಲೆ ಸಿಗುತ್ತದೆ. ಮಂಜುಗಡ್ಡೆಯ ಮೇಲೆ ಏಳನೆಯ ಒಂದು ಭಾಗವೂ ಸಿಕ್ಕರೆ ಹೆಚ್ಚು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಐದಾರು ಮೀಟರಿನಲ್ಲಿ ನಿಂತರೆ, ಮಂಜುಗಡ್ಡೆಯ ಮೇಲೆ ಅದಕ್ಕೆ ಸುಮಾರು 35 ಮೀಟರ್ ಬೇಕು. ಜೋಜಿಲಾದ ತಿರುವಿನಲ್ಲಿ 35 ಮೀಟರ್ ಮುಂದೆ ರಸ್ತೆಯೇ ಇರುವುದಿಲ್ಲ. ಇನ್ನೊಂದು ವಿಚಿತ್ರವೆಂದರೆ, ಚಳಿ ತೀರಾ ಹೆಚ್ಚಿದಾಗಿನ ಗಟ್ಟಿ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮೇಲ್ಮೈ ಒದ್ದೆಯಾದ ಮಂಜುಗಡ್ಡೆ ಹೆಚ್ಚು ಜಾರುತ್ತದೆ. ಬಿಸಿಲು ಬಂತೆಂದು ಹೊಸಬ ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಅನುಭವಿ ಚಾಲಕ ಎಚ್ಚರವಾಗುತ್ತಾನೆ. ಸರಪಳಿಯ ಅಡ್ಡ ಕೊಂಡಿಗಳು ಲಾರಿಯ ಭಾರದಿಂದ ಹಿಮದೊಳಕ್ಕೆ ಒತ್ತಿ, ರಬ್ಬರಿಗೆ ಸಿಗದ ಹಿಡಿತವನ್ನು ಕಚ್ಚಿ ಹಿಡಿಯುತ್ತವೆ.

ಕಟ್ಟುವ ಕೆಲಸವನ್ನು ನಾವು ಪಕ್ಕದಲ್ಲೇ ನಿಂತು ನೋಡಿದೆವು. ಮೊದಲು ಚೀಲ ಬಿಚ್ಚಿ ಸರಪಳಿಯನ್ನು ಹಿಮದ ಮೇಲೆ ಉದ್ದಕ್ಕೆ ಹರಡಬೇಕು. ಒಂದು ಕೊಂಡಿ ತಿರುಚಿಕೊಂಡಿದ್ದರೂ ಟೈರಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ, ಒಂದೊಂದನ್ನೂ ಬಿಡಿಸಬೇಕು. ಅಡ್ಡ ಸರಪಳಿಯ ಕೊಕ್ಕೆಗಳ ಬಾಯಿ ಹೊರಮುಖವಾಗಿರಬೇಕು. ಒಳಮುಖವಾದರೆ ಟೈರನ್ನೇ ಕೊರೆದುಬಿಡುತ್ತವೆ. ಅನಂತರ ಇಪ್ಪತ್ತೈದು ಕಿಲೋ ಅಕ್ಕಿಚೀಲದಷ್ಟು ಭಾರದ ಆ ಕಬ್ಬಿಣವನ್ನು ಎದೆಯೆತ್ತರಕ್ಕೆ ಎತ್ತಿ ಹಿಂದಿನ ಜೋಡಿ ಚಕ್ರದ ಹೊರ ಟೈರಿನ ಮೇಲೆ ಹೊದಿಸಬೇಕು. ಎರಡು ಕಡೆ ಸಮನಾಗಿ ಇಳಿಬಿಟ್ಟು, ತುದಿಯನ್ನು ಚಕ್ರದಡಿಗೆ ಸಿಕ್ಕಿಸಿ, "ಚಲೋ ಉಸ್ತಾದ್" ಎಂದು ಕೂಗಿದಾಗ ಚಾಲಕರು ಲಾರಿಯನ್ನು ಅರ್ಧ ಸುತ್ತು ಮಾತ್ರ ಮುಂದೆ ಸರಿಸುತ್ತಾರೆ. ಒಂದು ಗೇಣು ಹೆಚ್ಚಾದರೆ ಮತ್ತೆ ಮೊದಲಿನಿಂದ.

ಕಷ್ಟದ ಭಾಗ ಇನ್ನು ಬರುತ್ತದೆ. ಒಳಬದಿಯ ಕೊಕ್ಕೆಯನ್ನು ಮೊದಲು ಸೇರಿಸಬೇಕು, ಅದು ಕಣ್ಣಿಗೆ ಕಾಣುವುದಿಲ್ಲ. ಕಂಡಕ್ಟರ್ ಹುಡುಗ ಹಿಮದ ಮೇಲೆ ಗೋಣಿ ಹಾಸಿ, ಅಂಗಾತ ಮಲಗಿ, ಎರಡು ಟೈರುಗಳ ನಡುವಿನ ಸಂದಿನಲ್ಲಿ ತೋಳು ತೂರಿಸಿ, ಬೆರಳಿನಿಂದಲೇ ಕೊಂಡಿ ಹುಡುಕಿ ಸಿಕ್ಕಿಸಿದ. ಕೈಗವಸು ಏಕಿಲ್ಲ ಎಂದು ನಾವು ಕೇಳಿದೆವು. ಉಣ್ಣೆಯ ಗವಸು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ, ಒದ್ದೆಯಾದರೆ ಬರಿಗೈಗಿಂತ ಹೆಚ್ಚು ಕೊರೆಯುತ್ತದೆ, ಒಳ್ಳೆಯ ಗವಸು ಇದೆ ಆದರೆ ಅದು ತನ್ನ ಬಳಿ ಇಲ್ಲ ಎಂದ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಕಬ್ಬಿಣ ಕೈಯ ಶಾಖವನ್ನು ಹೀರುವ ಪರಿಯನ್ನು ಮುಟ್ಟಿ ನೋಡಿಯೇ ತಿಳಿಯಬೇಕು. ನಾವು ಒಂದು ಕೊಂಡಿಯನ್ನು ಹಿಡಿದು ನೋಡಿದೆವು. ಒಂದು ಸಲಾಮಿನಷ್ಟು ಹೊತ್ತು ಹಿಡಿಯಲಾಗಲಿಲ್ಲ. ಒಳಕೊಕ್ಕೆ ಆದ ಮೇಲೆ ಹೊರಕೊಕ್ಕೆ, ಆಮೇಲೆ ಬಿಗಿಸುವುದು. ನಡುವೆ ಎರಡು ಸಲ ಅವನು ಎದ್ದು ಬಂದು, ಉಸ್ತಾದರ ಕಾಂಗ್ಡಿಯ ಮೇಲೆ ಕೈ ಹಿಡಿದು ಹೋದ. ಕಾಂಗ್ಡಿ ಎಂದರೆ ಬೆತ್ತದ ಬುಟ್ಟಿಯೊಳಗಿನ ಮಣ್ಣಿನ ಕೆಂಡದ ಕುಡಿಕೆ. ಕಾಶ್ಮೀರಿಗಳು ಅದನ್ನು ಫೆರನ್ ಎಂಬ ನಿಲುವಂಗಿಯ ಒಳಗೆ ಹಿಡಿದುಕೊಂಡಿರುತ್ತಾರೆ. ಎರಡು ಚಕ್ರಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕೆಲಸ ಅಲ್ಲಿಗೂ ಮುಗಿಯುವುದಿಲ್ಲ. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಸಡಿಲವಾದದ್ದನ್ನು ಮತ್ತೆ ಬಿಗಿಸಬೇಕು. ಸಡಿಲ ಸರಪಳಿ ತುಂಡಾದರೆ ಅದು ಚಾವಟಿಯಂತೆ ಬೀಸಿ ಮಡ್‌ಗಾರ್ಡನ್ನೂ ಬ್ರೇಕಿನ ಗಾಳಿಕೊಳವೆಯನ್ನೂ ಹರಿದು ಹಾಕುತ್ತದೆ. ಹಿಮವಿಲ್ಲದ ರಸ್ತೆ ಬಂದ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಸರಪಳಿ, ಟೈರು, ರಸ್ತೆ ಮೂರೂ ಹಾಳು. ಬಿಚ್ಚುವಾಗ ಅದರ ಮೇಲೆಲ್ಲ ಕೆಸರಿನ ಮಂಜು ಗಟ್ಟಿಯಾಗಿರುತ್ತದೆ.

ಕಟ್ಟಿ ಮುಗಿದ ಮೇಲೆ ಉಸ್ತಾದರು ತಾವೇ ಇಳಿದು ಬಂದು ಎರಡು ಚಕ್ರಗಳ ಕೊಂಡಿಗಳನ್ನು ಕಾಲಿನಿಂದ ಒದ್ದು ನೋಡಿದರು. ಅನಂತರ ಸೀಟಿಗೆ ಹತ್ತಿ, ಬಿಸ್ಮಿಲ್ಲಾ ಹೇಳಿ ಗೇರು ಹಾಕಿದರು. ನಾವು ತಮಾಷೆಗೆ, "ಮೊದಲು ಬಿಸ್ಮಿಲ್ಲಾ ಆಮೇಲೆ ಸರಪಳಿ ಅಲ್ಲವೆ ಜನಾಬ್?" ಎಂದೆವು. ಅವರು ನಗಲಿಲ್ಲ. ಒಂಟೆಯನ್ನು ಕಟ್ಟಿಹಾಕಬೇಕೋ, ಹಾಗೆಯೇ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಬೇಕೋ ಎಂದು ಕೇಳಿದವನಿಗೆ, ಕಟ್ಟಿದ ಮೇಲೆ ಭರವಸೆ ಇಡುವಂತೆ ಪ್ರವಾದಿಯವರು (ಸ) ಹೇಳಿದ ಪ್ರಸಂಗವನ್ನು ನೆನಪಿಸಿ, "ನನ್ನ ಒಂಟೆಗೆ ಆರು ಕಾಲು, ಎರಡು ಕಾಲು ಕಟ್ಟಿದ್ದೇನೆ. ಉಳಿದದ್ದು ಅವನ ಕೈಯಲ್ಲಿ" ಎಂದರು. ತವಕ್ಕುಲ್ ಬಗ್ಗೆ ನಾವು ಕೇಳಿದ ಎಷ್ಟೋ ಪ್ರವಚನಗಳಿಗಿಂತ ಆ ಮಾತು ಗಟ್ಟಿಯಾಗಿ ಕೂತಿತು, ಏಕೆಂದರೆ ಅದನ್ನು ಹೇಳಿದವರು ಆ ಹೊತ್ತಿನಲ್ಲಿ ಪ್ರಪಾತದ ಅಂಚಿನಿಂದ ಎರಡು ಮಾರು ದೂರದಲ್ಲಿ ಲಾರಿ ನಡೆಸುತ್ತಿದ್ದರು.

ಸರಪಳಿ ಇದ್ದರೆ ಎಲ್ಲವೂ ಕ್ಷೇಮ ಎಂದಲ್ಲ. ಸರಪಳಿ ಹಿಂದಿನ ಚಕ್ರಗಳಿಗಷ್ಟೇ ಇದೆ, ದಿಕ್ಕು ತಿರುಗಿಸುವುದು ಮುಂದಿನ ಚಕ್ರಗಳು. ಅವು ಜಾರುತ್ತಲೇ ಇರುತ್ತವೆ. ಅದಕ್ಕೇ ಉಸ್ತಾದರು ಇಡೀ ದಾರಿಯಲ್ಲಿ ಎರಡನೇ ಗೇರಿಗಿಂತ ಮೇಲೆ ಹೋಗಲಿಲ್ಲ. ಬ್ರೇಕನ್ನು ಮೊಟ್ಟೆ ತುಳಿದಂತೆ ತುಳಿದರು. ಶೈತಾನ್ ನಾಲಾ ಎಂಬ ಹೆಸರಿನ ತಿರುವಿನ ಬಳಿ ಯಾರೂ ಮಾತಾಡಲಿಲ್ಲ. ಚಕ್ರದ ಕೆಳಗಿನಿಂದ ಸರಪಳಿಯ ಕರಕರ ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ನಿಂತರೆ ಹೆದರಬೇಕು ಎಂದು ಹುಡುಗ ಹೇಳಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಾಲು ನಿಂತಿತು. ಮುಂದೆ ಒಂದು ಲಾರಿ ರಸ್ತೆಗೆ ಅಡ್ಡಲಾಗಿ ತಿರುಗಿ ನಿಂತಿತ್ತು, ಹಿಂದಿನ ಚಕ್ರ ಅಂಚಿನಿಂದ ಮೊಳದಷ್ಟೇ ಈಚೆಗೆ. ಅದರ ಒಂದು ಚಕ್ರಕ್ಕೆ ಸರಪಳಿ ಇತ್ತು. ಇನ್ನೊಂದರದ್ದು ತುಂಡಾದ ಅಡ್ಡಕೊಂಡಿಗಳನ್ನು ಕಟ್ಟುತಂತಿಯಿಂದ ಬಿಗಿದ ಹಳೆಯ ಸರಪಳಿ. ಗೇಟಿನಲ್ಲಿ ನೋಡುವವರಿಗೆ ಅದು ಸರಪಳಿಯೇ. ಏರಿನಲ್ಲಿ ತಂತಿ ಬಿಟ್ಟುಕೊಂಡು ಲಾರಿ ತಿರುಗಿತ್ತು. ನಮ್ಮ ಹಿಂದೆ ನೂರಾರು ಲಾರಿಗಳು. ಎದುರಿನಿಂದ, ದ್ರಾಸ್ ಕಡೆಯಿಂದ, ಅವಸರದ ಕಾರಣಕ್ಕೆ ಅನುಮತಿ ಪಡೆದು ಬಂದ ಒಂದು ಟ್ಯಾಕ್ಸಿ. ಅದರಲ್ಲಿ ಎದೆನೋವಿನ ಹಿರಿಯರೊಬ್ಬರನ್ನು ಶ್ರೀನಗರದ ಆಸ್ಪತ್ರೆಗೆ ಒಯ್ಯುತ್ತಿದ್ದರು. ಅವರ ಮಗಳು ಟ್ಯಾಕ್ಸಿಯಿಂದ ಇಳಿದು ಬಂದು ಲಾರಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು, ಯಾರನ್ನು ಕೇಳಬೇಕೆಂದು ತಿಳಿಯದೆ. ಆಕೆ ಬೈಯಲಿಲ್ಲ, ಅಳಲೂ ಇಲ್ಲ.

ಪೊಲೀಸರು ಕ್ರೇನಿಗೆ ಹೇಳಿದ್ದೇವೆ ಎಂದರು. ಕ್ರೇನು ಬರಬೇಕಾದದ್ದು ನಮ್ಮ ಹಿಂದಿನ ಅದೇ ಸಾಲಿನ ಹಿಂದಿನಿಂದ. ಆಗ ಉಸ್ತಾದರು ಮತ್ತು ಇನ್ನು ನಾಲ್ಕು ಚಾಲಕರು ಇಳಿದು ಮಾತಾಡಿಕೊಂಡರು. ನಮ್ಮ ಲಾರಿಯಲ್ಲಿ ಒಂದು ಸರಪಳಿ ಹೆಚ್ಚಿಗೆ ಇತ್ತು. ಹುಡುಗ ಅದನ್ನು ಹೆಗಲಿಗೆ ಹಾಕಿಕೊಂಡು ಹೋದ. ಅಂಚಿನ ಕಡೆಯ ಚಕ್ರ ಅದು. ಲಾರಿಗೆ ಮುಂದಿನಿಂದ ಹಗ್ಗ ಕಟ್ಟಿ ಇಬ್ಬರು ಬಂಡೆಗೆ ಬಿಗಿದರು, ಚಕ್ರಗಳಿಗೆ ಕಲ್ಲು ಕೊಟ್ಟರು, ಒಬ್ಬರು ಅವನ ಫೆರನ್ನಿನ ಬೆನ್ನು ಹಿಡಿದುಕೊಂಡರು. ಅವನು ಮತ್ತೆ ಅಂಗಾತ ಮಲಗಿ, ತಲೆ ಪ್ರಪಾತದ ಕಡೆಗೆ ಮಾಡಿ, ತುಂಡು ಸರಪಳಿ ಬಿಚ್ಚಿ ಹೊಸದನ್ನು ತೊಡಿಸಿದ. ಉಳಿದವರು ಚಕ್ರದ ಮುಂದೆ ಮಣ್ಣು, ಒಲೆಯ ಬೂದಿ, ಖಾಲಿ ಗೋಣಿ ಹಾಕಿದರು. ನಮ್ಮ ಪಾಲಿಗೆ ಬಂದದ್ದು ಮಣ್ಣು ಹೊರುವ ಕೆಲಸ. ಲಾರಿ ನೇರವಾಗಿ ಬದಿಗೆ ಸರಿಯುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಟ್ಯಾಕ್ಸಿ ನಮ್ಮನ್ನು ದಾಟಿ ಹೋಗುವಾಗ ಹಿಂದಿನ ಸೀಟಿನಲ್ಲಿ ಒರಗಿದ್ದ ಹಿರಿಯರು ಕೈ ಎತ್ತಿದರು. ಅವರು ಎತ್ತಿದ್ದು ಎಲ್ಲರ ಕಡೆಗೆ. ಹುಡುಗ ಆಗ ಲಾರಿಯ ಮರೆಯಲ್ಲಿ ಕಂಕುಳಲ್ಲಿ ಕೈ ಇಟ್ಟುಕೊಂಡು ಕೂತಿದ್ದ, ಅವನು ನೋಡಲಿಲ್ಲ.

ಜಾರಿದ ಲಾರಿಯ ಚಾಲಕನನ್ನು ಎಲ್ಲರೂ ಬೈದರು. ಬೈಯಬೇಕಾದದ್ದೂ ಹೌದು. ಆದರೆ ಆ ರಾತ್ರಿ ದ್ರಾಸ್‌ನ ಢಾಬಾದಲ್ಲಿ ಉಪ್ಪಿನ ಚಹಾ ಕುಡಿಯುತ್ತಾ ಅವನ ಮಾತನ್ನೂ ಕೇಳಿದೆವು. ಲಾರಿ ಅವನದಲ್ಲ. ಒಂದು ಜೊತೆ ಒಳ್ಳೆಯ ಸರಪಳಿಗೆ ಹಲವು ಸಾವಿರ ರೂಪಾಯಿ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ವಸ್ತುವಿಗೆ ಅಷ್ಟು ದುಡ್ಡೇ ಎಂದು ಮಾಲಿಕರು ಹಳೆಯದನ್ನು ಕಟ್ಟಿಸಿ ಕೊಟ್ಟರಂತೆ. ಕೂಲಿ ಟ್ರಿಪ್ಪಿನ ಲೆಕ್ಕದಲ್ಲಿ. ದಿನ ಹೆಚ್ಚಾದರೆ ಊಟದ ಖರ್ಚು ಅವನದೇ. ದಾರಿಯಲ್ಲಿ ಒಂದಿಷ್ಟು ಒಣ ರಸ್ತೆ ಬಂದರೂ, ಬಿಚ್ಚಿ ಮತ್ತೆ ಕಟ್ಟುವ ಶ್ರಮಕ್ಕೆ ಅಂಜಿ ಹಾಗೇ ಓಡಿಸುತ್ತಾರೆ. ಸರಪಳಿ ಸವೆಯುವುದು ಹಾಗೆ. ಸವೆದದ್ದು ಗೊತ್ತಾಗುವುದು ಏರಿನಲ್ಲಿ. ಆಗ ಗೇಟಿನ ಪೊಲೀಸರು ಹಿಡಿಯುವುದು ಚಾಲಕನನ್ನು, ಹಿಂದಿನ ಸಾಲು ಬೈಯುವುದು ಚಾಲಕನನ್ನು, ದಂಡ ಕಟ್ಟುವುದೂ ಚಾಲಕ. ಸರಕಿನ ಒಡೆಯನ ಕಿವಿಗೆ ಬೀಳುವುದು 'ಲಾರಿ ತಡವಾಯಿತು' ಎಂಬ ಒಂದು ಮಾತು.

ನಮ್ಮ ಹುಡುಗನನ್ನೂ ಕೇಳಿದೆವು. ತಿಂಗಳ ಸಂಬಳವಿಲ್ಲ, ಟ್ರಿಪ್ಪಿಗೆ ಇಷ್ಟು ಎಂದು ಭತ್ಯೆ. ಸರಪಳಿ ಕಟ್ಟಿದ್ದಕ್ಕೆ ಬೇರೆ ದುಡ್ಡು ಉಂಟೇ? ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಕೆಲಸದಲ್ಲೇ ಬಂತಲ್ಲ" ಎಂದ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿಯವರ (ಸ) ಬೋಧನೆಯನ್ನು ಮಿಂಬರಿನಿಂದ ನಾವು ಎಷ್ಟೋ ಶುಕ್ರವಾರ ಕೇಳಿದ್ದೇವೆ. ಜೋಜಿಲಾದಲ್ಲಿ ಬೆವರು ಬರುವುದಿಲ್ಲ. ಬೆವರಿಲ್ಲದ ಕೆಲಸಕ್ಕೆ ಕೂಲಿಯೂ ಇಲ್ಲವೆಂದು ನಾವೆಲ್ಲ ಸೇರಿ ತೀರ್ಮಾನಿಸಿಬಿಟ್ಟಂತಿದೆ.

ಬೇರೆ ಕಡೆ ಇದನ್ನು ಹೇಗೆ ನೋಡುತ್ತಾರೆ? ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟದ ಹೆದ್ದಾರಿಯಲ್ಲಿ ಸರಕು ಲಾರಿಗಳು ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಸರಪಳಿಯನ್ನು ಜೊತೆಯಲ್ಲಿ ಒಯ್ಯಲೇಬೇಕು. ಆದೇಶವಾದಾಗ ಕಟ್ಟದಿದ್ದರೆ 500 ಡಾಲರಿಗೂ ಮೇಲ್ಪಟ್ಟು ದಂಡ. ಕಟ್ಟದೆ ಹೋಗಿ ರಸ್ತೆ ಅಡ್ಡಗಟ್ಟಿದರೆ 1,000 ಡಾಲರಿಗೂ ಹೆಚ್ಚು. ಅಂದರೆ ಅಲ್ಲಿ ತಪ್ಪಿನ ತೂಕವನ್ನು ಹಿಂದೆ ನಿಂತವರ ಸಂಕಟದಿಂದ ಅಳೆಯುತ್ತಾರೆ. ರಸ್ತೆಯ ಪಕ್ಕದಲ್ಲಿ ಸರಪಳಿ ಕಟ್ಟಲೆಂದೇ ಅಗಲವಾದ ಜಾಗಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಸರಪಳಿ ಕಟ್ಟಿಕೊಡುವವರಿಗೆ ಸರಕಾರವೇ ಪರವಾನಗಿ ನೀಡುತ್ತದೆ. ಅವರು ಸಂಖ್ಯೆ ಇರುವ ಮೇಲಂಗಿ ತೊಟ್ಟು ನಿಂತಿರುತ್ತಾರೆ, ಕಟ್ಟಿದ್ದಕ್ಕೆ ಹಣ ಪಡೆಯುತ್ತಾರೆ. ಅಲ್ಲಿಯೂ ಚಳಿ ಚಳಿಯೇ, ಕಬ್ಬಿಣ ಕಬ್ಬಿಣವೇ. ಆದರೆ ಆ ಕೆಲಸಕ್ಕೆ ಒಂದು ಹೆಸರಿದೆ, ಒಂದು ದರ ಇದೆ.

ನಮ್ಮ ಕಾನೂನಿಗೂ ಈ ವಿಷಯ ತೀರಾ ಹೊಸದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ, ಮಳೆ ಚಳಿಯಿಂದ ರಕ್ಷಣೆಗೆ ಉಡುಪು ಕೊಡುವಂತೆ ಮಾಲಿಕರಿಗೆ ಹೇಳುವ ಅಧಿಕಾರ ರಾಜ್ಯ ಸರಕಾರಗಳಿಗಿತ್ತು. ಆದರೆ ಆ ಕಾಯ್ದೆ ಸಾಮಾನ್ಯವಾಗಿ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಂದೆರಡು ಲಾರಿಯ ಮಾಲಿಕ, ಒಬ್ಬ ಚಾಲಕ, ಒಬ್ಬ ಹುಡುಗ ಇರುವ ಲಾರಿಗಳೇ ಹೆಚ್ಚಿರುವ ದೇಶದಲ್ಲಿ ಅದರ ನೆರಳು ಎಷ್ಟು ಜನರ ಮೇಲೆ ಬಿದ್ದೀತು? ಆ ಕಾಯ್ದೆಯನ್ನು 2020ರ ವೃತ್ತಿ ಸುರಕ್ಷತಾ ಸಂಹಿತೆಯಲ್ಲಿ ವಿಲೀನಗೊಳಿಸಲಾಯಿತು. ಸಣ್ಣ ಲಾರಿಯ ಹುಡುಗ ಈ ಸಂಹಿತೆಯಲ್ಲಾದರೂ ಕಾಣಿಸುತ್ತಾನೆಯೇ ಎಂದು ಕೇಳಬೇಕಾದವರು ನಾವೆಲ್ಲ. ಲಡಾಖಿನ ಚಳಿಯಲ್ಲಿ ಡೀಸೆಲ್ ಹೆಪ್ಪುಗಟ್ಟುತ್ತದೆಂದು, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಹೊರತಂದಿತು. ಒಳ್ಳೆಯ ಕೆಲಸ. ಎಂಜಿನ್ನಿನ ರಕ್ತ ಹೆಪ್ಪುಗಟ್ಟಬಾರದೆಂದು ಯೋಚಿಸಿದ ನಾಡು ಅದೇ ಲಾರಿಯ ಹುಡುಗನ ಬೆರಳುಗಳ ಬಗ್ಗೆಯೂ ಯೋಚಿಸಬಲ್ಲದು. ದೊಡ್ಡದೇನೂ ಬೇಕಿಲ್ಲ. ಗೇಟಿನ ಬಳಿ ಗಾಳಿ ತಡೆಯುವ ಒಂದು ತಗಡಿನ ಸೂರು, ಬಿಸಿನೀರು, ನೀರು ಹೀರದ ಗವಸು, ಬಾಡಿಗೆಗೆ ಒಳ್ಳೆಯ ಸರಪಳಿ, ಮತ್ತು ಸರಪಳಿಯ ಇರುವಿಕೆಯನ್ನಷ್ಟೇ ಅಲ್ಲ, ಅದರ ಗಟ್ಟಿತನವನ್ನೂ ನೋಡುವ ಒಬ್ಬ ಮನುಷ್ಯ.

ಸುರಂಗ ಬರುತ್ತಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಗಗನ್‌ಗೀರ್‌ನಿಂದ ಸೋನಾಮಾರ್ಗ್‌ಗೆ 6.5 ಕಿಲೋಮೀಟರಿನ ಸುರಂಗ 2025ರ ಜನವರಿ 13ರಂದು ಉದ್ಘಾಟನೆಯಾಗಿದೆ. ಜೋಜಿಲಾದ ಹೊಟ್ಟೆಯೊಳಗೆ ಸುಮಾರು 13 ಕಿಲೋಮೀಟರಿನ ಇನ್ನೊಂದು ಸುರಂಗದ ಯೋಜನೆಯೂ ಇದೆ. ಅದರಲ್ಲಿ ಲಾರಿಗಳು ಓಡಾಡುವಂತಾದ ದಿನ ಶೈತಾನ್ ನಾಲಾ ಬರಿಯ ಕಥೆಯಾಗುತ್ತದೆ. ಆ ದಿನ ಬೇಗ ಬರಲಿ. ಆದರೆ ಲೇಹ್‌ನಿಂದ ನೂಬ್ರಾಕ್ಕೆ ಹೋಗುವ ಖರ್ದುಂಗ್ ಲಾ ಇದೆ, ಪ್ಯಾಂಗಾಂಗ್ ಕಡೆಗಿನ ಚಾಂಗ್ ಲಾ ಇದೆ. ಎಲ್ಲ ಬೆಟ್ಟವನ್ನೂ ಕೊರೆಯಲಾಗುವುದಿಲ್ಲ. ಸರಪಳಿ ಕಟ್ಟುವ ಕೈಗಳು ಇನ್ನೂ ಬಹಳ ಕಾಲ ಬೇಕು.

ನಮ್ಮ ಕೈಯಲ್ಲಿರುವುದು ಏನು? ಲಾರಿಯ ಸರಕಿನ ಜೊತೆ ಬರುವ ಬಿಲ್ಟಿಯನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಬಾಡಿಗೆಗೆ ಒಂದು ಸಾಲು, ಹಮಾಲಿಗೆ ಒಂದು ಸಾಲು ಇರುತ್ತದೆ. ಮೂಟೆ ಹೊರುವವನ ಕೂಲಿ ಆ ಕಾಗದದ ಮೇಲೆ ಹತ್ತಿದ್ದು ತಾನಾಗಿ ಅಲ್ಲ. ಹಮಾಲರು ಒಟ್ಟಾಗಿ ಕೇಳಿದ್ದರಿಂದ, ಮತ್ತು ಕೆಲವು ವ್ಯಾಪಾರಿಗಳು ಅದು ನ್ಯಾಯವೆಂದು ಒಪ್ಪಿದ್ದರಿಂದ. ಬೆಟ್ಟದ ಹುಡುಗರು ಒಟ್ಟಾಗುವುದು ಕಷ್ಟ, ಒಬ್ಬೊಬ್ಬನೂ ಒಂದೊಂದು ಲಾರಿಯಲ್ಲಿ, ಒಂದೊಂದು ತಿರುವಿನಲ್ಲಿ ಇರುತ್ತಾನೆ. ಹಾಗಾಗಿ ಎರಡನೆಯ ಪಾಲಿನ ಕೆಲಸವಾದರೂ ನಡೆಯಲಿ ಎಂದು ನಮಗನಿಸಿತು.

ಕಾರ್ಗಿಲ್‌ನಲ್ಲಿ ಏಪ್ರಿಕಾಟ್ ಕೊಂಡು, ಅದನ್ನು ಶ್ರೀನಗರಕ್ಕೆ ಇಳಿಸುವ ಲಾರಿಯನ್ನು ಗೊತ್ತುಮಾಡುವಾಗ ನಾವು ಎರಡು ವಿಷಯ ಕೇಳಿದೆವು: ಸರಪಳಿ ಹೊಸದೇ, ಹುಡುಗನಿಗೆ ಗವಸು ಇದೆಯೇ? ಏಜೆಂಟರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಬಾಡಿಗೆಯಲ್ಲಿ ಚೌಕಾಸಿ ಮಾಡದೆ, ಸರಪಳಿ ಕಟ್ಟುವವನಿಗೆಂದು ಬೇರೆ ಮೊತ್ತ ಬರೆಯಿರಿ, ಅದು ಅವನ ಕೈಗೇ ಸಲ್ಲಬೇಕು ಎಂದೆವು. ಅಚ್ಚಾದ ಬಿಲ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, ಹಮಾಲಿಯ ಸಾಲಿನ ಕೆಳಗೆ ಪೆನ್ನಿನಿಂದ ಉರ್ದುವಿನಲ್ಲಿ 'ಜಂಜೀರ್ ಮಜ್ದೂರಿ' ಎಂದು ಬರೆದು, ಮೊತ್ತ ಹಾಕಿ, ಕೆಳಗೆ ಸಹಿ ಮಾಡಿದರು. ಅಂದಿನಿಂದ ಚಳಿಗಾಲದ ಪ್ರತಿ ಲೋಡಿಗೂ ಆ ಸಾಲನ್ನು ಬರೆಸುತ್ತಾ ಬಂದಿದ್ದೇವೆ. ಕಳೆದ ಬಾರಿ ಬಂದ ಬಿಲ್ಟಿಯಲ್ಲಿ ನಾವು ಹೇಳುವ ಮೊದಲೇ ಅದನ್ನು ಬರೆದಿದ್ದರು.